ಅಮಲಾಟಕ್ಕೆ ಬಿಟ್ಟೆ

ಹೊಳೆಯ ದಡದಲ್ಲಿ ಒಂದು ಊರಿತ್ತು. ಅದಕ್ಕೊಂದು ಹೆಸರೂ ಇದ್ದಿರಬೇಕು, ಆದರೆ ಅಲ್ಲಿಯವರು ಅದನ್ನು ಬರೀ ಊರು ಎನ್ನುತ್ತಿದ್ದರು. ಹೊರಗಿನವರು ಅಲ್ಲಿಗೆ ಹೋಗುತ್ತಿರಲಿಲ್ಲವಾದ್ದರಿಂದ ಹೆಸರು ಕೇಳುವವರೂ ಇರಲಿಲ್ಲ. ಆ ಊರಲ್ಲಿ ವರ್ಷವಿಡೀ ಯಾರೂ ಗಟ್ಟಿಯಾಗಿ ಆಡದ ಒಂದು ಮಾತಿತ್ತು. ಆ ಮಾತು ಅಮಲಾಟ.

ಹಾಗೆಂದರೇನು ಎಂದು ಮಕ್ಕಳು ಕೇಳಿದರೆ ದೊಡ್ಡವರು ದನಿ ತಗ್ಗಿಸಿ ಹೇಳುತ್ತಿದ್ದರು. ಇಪ್ಪೆ ಮರ ಹೂ ಸುರಿಸುತ್ತದೆ. ಹೂವನ್ನು ಕೊಳೆಹಾಕಿ ಕಾಯಿಸುತ್ತಾರೆ. ಕಾಯಿಸಿದ್ದನ್ನು ಎಲ್ಲರೂ ಒಂದೇ ಗುಡಾಣದಿಂದ ಕುಡಿಯುತ್ತಾರೆ. ಕುಡಿದವರು ಹೊಳೆಯ ಮರಳಲ್ಲಿ ಕುಣಿಯುತ್ತಾರೆ, ಬೀಳುತ್ತಾರೆ, ಎದ್ದು ಮತ್ತೆ ಕುಣಿಯುತ್ತಾರೆ. ಅದೇ ಅಮಲಾಟ. ಇದು ಮಾತಿನ ಅರ್ಥವಾಯಿತು. ಮಾತಿನ ಬಳಕೆ ಬೇರೆಯೇ ಇತ್ತು, ಅದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ನೋಡಿ ಕಲಿಯಬೇಕಿತ್ತು.

ಬಳಕೆ ಹೀಗಿತ್ತು. ಬೇಸಗೆಯ ಒಂದು ದಿನ ನೆರಳು ಕಾಲಡಿಗೆ ಬಂದ ಹೊತ್ತಿಗೆ ಊರೆಲ್ಲ ಹೊಳೆಯ ಬಳಿ ಸೇರುತ್ತಿತ್ತು. ಕೂಗುವವಳು ಬಂಡೆ ಹತ್ತಿ, ಹೊಳೆಗೆ ಮುಖ ಮಾಡಿ, ಆ ಮಾತನ್ನು ಕೂಗುತ್ತಿದ್ದಳು. ಕೂಗಿದ ಗಳಿಗೆಯಿಂದ ಊರಲ್ಲಿ ಒಲೆ ಉರಿಯುವಂತಿಲ್ಲ, ದೀಪ ಹಚ್ಚುವಂತಿಲ್ಲ, ಯಾವ ಬಾಗಿಲಿಗೂ ಅಗುಳಿ ಹಾಕುವಂತಿಲ್ಲ. ಹೊತ್ತು ಮುಳುಗುವಾಗ ಅವಳು ಊರಿಗೆ ಮುಖ ಮಾಡಿ ಅದೇ ಮಾತನ್ನು ಮೆಲ್ಲಗೆ ಮರಳಿ ಕರೆದು, ಹೊಳೆಯ ನೀರು ಒಂದು ಬೊಗಸೆ ಕುಡಿದುಬಿಟ್ಟರೆ ಮುಗಿಯಿತು. ಆ ಎರಡು ಕೂಗಿನ ನಡುವೆ ನಡೆದದ್ದಕ್ಕೆ ಮಾಡಿದವರು ಅಂತ ಯಾರೂ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಮೊರಗಳ ಓಡಾಟ. ಯಾರ ಕೈಯಿಂದ ಕೆಡುಕಾಗಿತ್ತೋ ಅವರು ಮೊರದ ತುಂಬ ರಾಗಿ ಹೊತ್ತು, ಕೆಡುಕಾದವರ ಹೊಸ್ತಿಲ ಆಚೆ ನಿಂತು, "ಅಮಲಾಟ ಮಾಡಿತು" ಎನ್ನುತ್ತಿದ್ದರು. ಹೊಸ್ತಿಲ ಈಚೆಯವರು ಮೊರ ಇಸಿದುಕೊಂಡು, "ಅಮಲಾಟಕ್ಕೆ ಬಿಟ್ಟೆ" ಎನ್ನುತ್ತಿದ್ದರು. ಅಲ್ಲಿಗೆ ಲೆಕ್ಕ ಚುಕ್ತಾ. ಆಮೇಲೆ ಅದನ್ನು ಎತ್ತಿ ಆಡಿದವರಿಗೇ ಮರ್ಯಾದೆ ಇರುತ್ತಿರಲಿಲ್ಲ. ಮೊದಮೊದಲು ಮೊರಗಳು ಓಡಾಡಿದ್ದು ಒಡೆದ ಮಡಕೆಗೆ, ಕದ್ದ ಕೋಳಿಗೆ, ನಾಲಿಗೆ ಜಾರಿ ಬಂದ ಬೈಗುಳಕ್ಕೆ ಅಂತೆ. ಬರಬರುತ್ತ ಉತ್ತ ಬದು, ಸುಟ್ಟ ಬಣವೆ, ಬೇರೆಯವರ ಹಾಸಿಗೆ, ಎಲ್ಲಕ್ಕೂ ಅದೇ ಮೊರ, ಅದೇ ರಾಗಿ. ಮಾತೂ ಅದೇ.

ಕೂಗುವ ಕೆಲಸ ಒಂದೇ ಮನೆಯ ಹೆಣ್ಣುಮಕ್ಕಳದು. ಅವರಿಗೆ ಒಂದು ಕಟ್ಟು ಇತ್ತು. ಗುಡಾಣದಲ್ಲಿರುವುದು ಅವರ ತುಟಿಗೆ ತಾಗಕೂಡದು, ಹುಟ್ಟಿದಾಗಿನಿಂದ ಸಾಯುವ ತನಕ. ಊರೆಲ್ಲ ತೂರಾಡುವಾಗ ಒಬ್ಬಳಾದರೂ ನೆಟ್ಟಗೆ ನಿಂತಿರಬೇಕು, ಇಲ್ಲದಿದ್ದರೆ ಬಿಟ್ಟ ಮಾತನ್ನು ಮರಳಿ ಕರೆಯುವವರು ಯಾರು ಎಂದು ಹಿರಿಯರು ಈ ಕಟ್ಟು ಹಾಕಿದ್ದರು. ಕೇಳುವುದಕ್ಕೆ ಒಳ್ಳೆಯ ಕಟ್ಟೇ. ಈಗಿನ ಕೂಗುವವಳು ಅದನ್ನು ಪ್ರಾಣದಂತೆ ಪಾಲಿಸಿಕೊಂಡು ಬಂದವಳು. ಅವಳ ತಾಯಿ ಬೇಗ ತೀರಿಕೊಂಡಿದ್ದಳು. ಅಂಬೆಗಾಲಿಡುವ ತಮ್ಮನನ್ನು ಸೊಂಟದಲ್ಲಿ ಕೂರಿಸಿಕೊಂಡೇ ಅವಳು ಮೊದಲ ಸಲ ಬಂಡೆ ಹತ್ತಿದ್ದಳು. ಆ ಕೂಗಿಗೆ ಹೆದರಿ ತಮ್ಮ ಅತ್ತಿದ್ದ. ಆಮೇಲೆ ಅವಳೇ ಅವನಿಗೆ ತಾಯಿಯಾದಳು, ತನ್ನ ತಟ್ಟೆಯ ಅನ್ನ ಕಿವುಚಿ ತಿನ್ನಿಸಿ ಬೆಳೆಸಿದಳು.

ಆ ಮನೆಗೆ ಸೇರಿದ್ದು ಇನ್ನೊಂದಿತ್ತು, ದೋಣಿ. ಊರಿನ ಹೊಲಗಳೆಲ್ಲ ಆಚೆ ದಡದಲ್ಲಿದ್ದವು. ದೋಣಿ ಯಾರ ಕೈಯಲ್ಲೋ ಅವರ ಮನೆಗೆ ಪ್ರತಿ ಕಣದಿಂದ ಕಾಳು ಬರುತ್ತಿತ್ತು. ಕೂಗುವವಳು ಮದುವೆಯಾಗಿ ಬೇರೆ ಮನೆತನಕ್ಕೆ ಹೋಗಬಾರದೆಂದು ಮನೆಅಳಿಯನನ್ನು ತಂದರು, ದೋಣಿಯ ಹುಟ್ಟನ್ನು ಅವನ ಕೈಗೆ ಕೊಟ್ಟರು. ತಮ್ಮ ಬೆಳೆದು ಮೀಸೆ ಬರುವ ಹೊತ್ತಿಗೆ ಹುಟ್ಟು ಭಾವನ ಕೈಯಲ್ಲೇ ಇತ್ತು. ತಮ್ಮ ಬಾಯಿಬಿಟ್ಟು ಏನೂ ಹೇಳಲಿಲ್ಲ. ದಡದಲ್ಲಿ ಕೂತು ದೋಣಿಯನ್ನೇ ನೋಡುತ್ತಿದ್ದ. ಅಕ್ಕನಿಗೆ ಅದು ಕಾಣಿಸುತ್ತಿತ್ತು, ಆದರೆ ಕಂಡದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುವ ಹೆಂಗಸಲ್ಲ ಅವಳು.

ಗಂಡನೆಂದರೆ ಅವಳಿಗೆ ಜೀವ. ಅಮಲಾಟದ ದಿನ ಹೊತ್ತು ಮುಳುಗಿದ ಮೇಲೆ ಅವನು ಅವಳ ಹೆಗಲಿಗೆ ಭಾರ ಹಾಕಿಕೊಂಡು ಮನೆಗೆ ಬರುತ್ತಿದ್ದ. ಅವಳು ಅವನ ಮುಖ ತೊಳೆಸಿ, ಮಜ್ಜಿಗೆ ಕುಡಿಸಿ, ಚಾಪೆ ಹಾಸಿ ಮಲಗಿಸುತ್ತಿದ್ದಳು. ವರ್ಷದ ಉಳಿದ ದಿನಗಳಲ್ಲಿ ಅವನು ಯಾರ ಮೇಲೂ ಒರಗುವ ಆಳಲ್ಲ. ಹಾಗಾಗಿ ಆ ಭಾರ ಅವಳಿಗೆ ಹಿತವಾಗಿತ್ತು. ಒಂದೇ ಒಂದು ಸಲ, ಹಾಗೆ ಒರಗಿಕೊಂಡು ಬರುವಾಗ, ಅವನು ಅವಳ ಕಿವಿಯ ಹತ್ತಿರ ನಿಧಾನವಾಗಿ ಹೇಳಿದ್ದ: "ನಾನು ಕಟ್ಕೊಂಡಿದ್ದು ನಿನ್ನನ್ನಲ್ಲ ಕಣೆ. ದೋಣೀನ."

ಮಾರನೆಯ ಬೆಳಿಗ್ಗೆ ಅವನು ತನ್ನದೇ ಮನೆಯ ಮೊರಕ್ಕೆ ತನ್ನದೇ ಮನೆಯ ರಾಗಿ ತುಂಬಿಕೊಂಡು, ತನ್ನದೇ ಹೊಸ್ತಿಲಾಚೆ ನಿಂತು, "ಅಮಲಾಟ ಮಾಡಿತು" ಎಂದ. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬಿಟ್ಟೆ ಎಂದಳು. ನಿಜವಾಗಿಯೂ ಬಿಟ್ಟಿದ್ದಳು.

ಆಮೇಲೆ ಬಂತು ಆ ವರ್ಷ. ಅವಳು ಕೂಗಿ ಬಂಡೆಯ ಮೇಲೆ ಕೂತಿದ್ದಳು. ಮರಳಲ್ಲಿ ಊರೆಲ್ಲ ತೂರಾಡುತ್ತಿತ್ತು. ಗಂಡನೂ ತಮ್ಮನೂ ಹೆಗಲ ಮೇಲೆ ಕೈ ಹಾಕಿಕೊಂಡು, ಹಾಡು ಹೇಳಿಕೊಂಡು ದೋಣಿ ಹತ್ತಿದರು. ದೋಣಿ ಮಡುವಿನ ಹತ್ತಿರ ಹೋಯಿತು. ತಮ್ಮ ಹುಟ್ಟನ್ನು ಎತ್ತಿದ, ಅದರ ತುದಿಯನ್ನು ಭಾವನ ಎದೆಗೆ ಇಟ್ಟು ದೂಡಿದ. ನೀರಿನಿಂದ ಒಂದು ಕೈ ಮೇಲೆ ಬಂದಾಗ ಅದನ್ನೂ ದೂಡಿದ. ಆಮೇಲೆ ದೋಣಿಯನ್ನು ದಡಕ್ಕೆ ತಂದು, ಗೂಟಕ್ಕೆ ಹಗ್ಗ ಸುತ್ತಿ, ಕುಣಿಕೆ ಹಾಕಿ, ಎಳೆದು ನೋಡಿ, ಮರಳಿಗೆ ಇಳಿದು, ಅಲ್ಲಿ ಮತ್ತೆ ತೂರಾಡಿದ. ಇಷ್ಟನ್ನೂ ಅವಳು ಎರಡು ಕಣ್ಣಿಂದ ನೋಡಿದಳು. ಮಾತು ಹೊರಗಿರುವಾಗ ಬಂಡೆಯಿಂದ ಇಳಿಯುವಂತಿರಲಿಲ್ಲ. ಹೊತ್ತು ಮುಳುಗುವ ತನಕ ಕೂತಿದ್ದು, ಮಾತನ್ನು ಮರಳಿ ಕರೆದು, ಆಮೇಲೆ ಅತ್ತಳು.

ಬೆಳಿಗ್ಗೆ ತಮ್ಮ ಮೊರ ಹೊತ್ತು ಬಂದ. ರಾಗಿಯ ಮೇಲೆ ಅವನ ಕಣ್ಣೀರು ಬೀಳುತ್ತಿತ್ತು. "ಅಮಲಾಟ ಮಾಡಿತಕ್ಕಾ" ಎಂದ. ಅವಳು ಮೊರವನ್ನೇ ನೋಡುತ್ತ ನಿಂತಳು. ಬೀದಿಯಲ್ಲಿ ಊರವರೆಲ್ಲ ನಿಂತಿದ್ದರು. ಆಗ ಅವಳ ಒಬ್ಬಳೇ ಮಗಳು, ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿ ಆಗಷ್ಟೇ ಲಂಗದಾವಣಿಗೆ ಬಂದಿದ್ದ ಹುಡುಗಿ, ಹಿಂದಿನಿಂದ ಬಂದು ಬೆನ್ನಿಗೆ ಕೈಯಿಟ್ಟು, "ಹೇಳವ್ವಾ. ಅಮಲಾಟಕ್ಕೆ ಬಿಟ್ಟೆ ಅನ್ನು" ಎಂದಳು. ಅಪ್ಪನನ್ನು ಕಳೆದುಕೊಂಡ ಹುಡುಗಿಗೇ ಅಷ್ಟು ಧೈರ್ಯವಿರುವಾಗ ತನ್ನದೇನು ಎಂದುಕೊಂಡು ಅವಳು ಬಿಟ್ಟೆ ಎಂದಳು. ತಾನು ಬೆಳೆಸಿದ ಕೂಸು ಅದು. ಕುಡಿದ ಮೈಯಲ್ಲಿ ಅವನಿಗೆ ಏನು ಗೊತ್ತು, ಪಾಪ, ಎಂದು ಅವನ ತಲೆ ಸವರಿದಳು. ಹುಟ್ಟು ತಮ್ಮನ ಕೈಗೆ ಹೋಯಿತು. ಕಾಲ ಕಳೆದ ಮೇಲೆ, ಬೇರೆ ಮನೆ ಮಾಡಿಕೊಂಡಿದ್ದ ತಮ್ಮನ ಮಗನಿಗೇ ಮಗಳನ್ನು ಕೊಟ್ಟಳು. ಮದುವೆಯ ದಿನ ತಮ್ಮನ ಕೈಯಿಂದಲೇ ಊಟ ಬಡಿಸಿಕೊಂಡಳು. ರಾತ್ರಿ ಒಬ್ಬಳೇ ಇದ್ದಾಗ ಆ ಕೈ ನೆನಪಾಗುತ್ತಿತ್ತು, ನೀರಿನಿಂದ ಮೇಲೆ ಬಂದ ಕೈ. ಆಗ ಅವಳು, ಯಾರೂ ಮಾಡಲಿಲ್ಲ, ಯಾರೂ ಮಾಡಲಿಲ್ಲ ಎಂದು ಹೇಳಿಕೊಂಡು ನಿದ್ದೆ ಮಾಡುತ್ತಿದ್ದಳು. ಅವಳು ಬದುಕಿದ್ದದ್ದೇ ಆ ಒಂದು ಮಾತಿನ ಮೇಲೆ.

ಈಗ ಮೇಕೆಯ ವಿಷಯ.

ಈ ಸಲದ ಅಮಲಾಟದ ದಿನ, ಕೂಗು ಮುಗಿದು ಜನ ಕುಡಿದು, ಮರಳು ಎದ್ದು, ತಮಟೆ ಏರಿತ್ತು. ಬಾಗಿಲುಗಳಿಗೆ ಅಗುಳಿ ಇಲ್ಲದ ದಿನವಲ್ಲವೇ, ಯಾರದೋ ಹಿತ್ತಿಲ ಮೇಕೆ ಬಿಚ್ಚಿಕೊಂಡು ಹೊಳೆಗೆ ಬಂತು. ಬಂದದ್ದು ನೇರ ಗುಡಾಣಕ್ಕೆ ಬಾಯಿ ಹಾಕಿತು. ಗುಡಾಣ ಬಂಡೆಯ ಬುಡದಲ್ಲೇ ಇತ್ತು, ಕೂಗುವವಳು ಮೇಲಿನಿಂದ ನೋಡುತ್ತಿದ್ದಳು. ಮೇಕೆ ಕುಡಿಯಿತು. ಸ್ವಲ್ಪವಲ್ಲ, ಹೊಟ್ಟೆ ಎರಡೂ ಕಡೆ ಉಬ್ಬುವ ತನಕ. ಎರಡು ಬಟ್ಟಲಿಗೆ ಗಂಡಸರು ನೆಲಕ್ಕೆ ಬೀಳುವ ಸರಕು ಅದು. ಪಾಪದ ಪ್ರಾಣಿ, ಹೊಳೆಗೆ ಬಿದ್ದೀತು ಎಂದು ಅವಳಿಗೆ ಭಯವಾಯಿತು.

ಮೇಕೆ ತಲೆ ಎತ್ತಿತು, ಮೂತಿ ಒದರಿತು. ಹೊಳೆಯ ದಡದ ಉದ್ದಕ್ಕೆ ಕಟ್ಟಿದ್ದ ಹಳೆಯ ಕಲ್ಲುಗೋಡೆಯ ಮೇಲೆ ಹಾರಿತು. ಆ ಗೋಡೆ ಅಂಗೈಯಷ್ಟು ಅಗಲವಿಲ್ಲ. ಅದರ ಮೇಲೆ ಒಂದು ಕಾಲ ಮುಂದೆ ಒಂದು ಕಾಲಿಟ್ಟು ಕೊನೆಯ ತನಕ ಹೋಯಿತು, ಅಲ್ಲಿ ನಿಂತು ಬೇಲಿಯ ಸೊಪ್ಪು ತಿಂದಿತು, ಮತ್ತೆ ಅದೇ ಗೋಡೆಯ ಮೇಲೆ ತಿರುಗಿ ಬಂತು. ಒಂದು ಕಲ್ಲೂ ಅಲುಗಲಿಲ್ಲ. ಬಂದು ಇನ್ನಷ್ಟು ಕುಡಿಯಿತು.

ಕೂಗುವವಳು ಬಹಳ ಹೊತ್ತು ಆ ಮೇಕೆಯನ್ನು ನೋಡಿದಳು. ಆಮೇಲೆ ಜನರನ್ನು ನೋಡಿದಳು. ಜನ ಬೀಳುತ್ತಿದ್ದರು, ಏಳುತ್ತಿದ್ದರು. ಬೀಳುವವರು ಮರಳಿನ ಮೇಲೇ ಬೀಳುತ್ತಿದ್ದರು, ಕಲ್ಲಿನ ಮೇಲೆ ಒಬ್ಬರೂ ಬೀಳುತ್ತಿರಲಿಲ್ಲ. ಇಷ್ಟು ವರ್ಷ ನೋಡಿದ್ದಾಳೆ, ಇದು ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಬಂಡೆಯಿಂದ ಇಳಿದಳು. ಇಳಿಯಬಾರದಿತ್ತು, ಇಳಿದಳು. ಗುಡಾಣಕ್ಕೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು.

ಬೆಲ್ಲ. ಹುಣಸೆ. ಒಂದಿಷ್ಟು ಶುಂಠಿ.

ಬಟ್ಟಲು ತುಂಬಿಸಿ ಕುಡಿದಳು. ಇನ್ನೊಂದು ಬಟ್ಟಲು ಕುಡಿದಳು. ತಲೆ ತಿರುಗಲಿ ಎಂದು ಕಾದಳು. ಮಕ್ಕಳು ಕುಂಟಾಬಿಲ್ಲೆಯಲ್ಲಿ ನಿಲ್ಲುವ ಹಾಗೆ ಒಂಟಿಕಾಲಲ್ಲಿ ನಿಂತು ನೋಡಿದಳು. ಸೆಕೆಗೆ ತಂಪಾಯಿತು, ಅಷ್ಟೇ.

ಮೊದಲು ತಮಟೆಯವರು ಅವಳನ್ನು ಕಂಡರು. ತಮಟೆ ನಿಂತಿತು, ಅದೂ ಸರಿಯಾಗಿ ಪೆಟ್ಟಿನ ಮೇಲೆ. ಆಮೇಲೆ ಒಬ್ಬೊಬ್ಬರಾಗಿ ತಿರುಗಿದರು. ಬಿದ್ದಿದ್ದವರು ಎದ್ದು ಪಂಚೆಯ ಮರಳು ಕೊಡವಿಕೊಂಡರು. ತಲೆಗೂದಲು ಕೆದರಿಕೊಂಡು ಕುಣಿಯುತ್ತಿದ್ದ ಹೆಂಗಸರು ತುರುಬು ಕಟ್ಟಿಕೊಂಡರು. ಊರಿಗೆ ಊರೇ ಮರಳಿನ ಮೇಲೆ ನೆಟ್ಟಗೆ ನಿಂತು ಅವಳನ್ನು ನೋಡಿತು. ಹೀಗೆ ನಿಂತದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಯಾರ ಕಣ್ಣಲ್ಲೂ ಮಂಪರು ಇರಲಿಲ್ಲ. ಕೆಲವರ ಕಣ್ಣಲ್ಲಿ ಕನಿಕರವಿತ್ತು, ಅದನ್ನು ಸಹಿಸುವುದೇ ಅವಳಿಗೆ ಕಷ್ಟವಾಯಿತು.

ಗುಡಾಣದ ಪಕ್ಕ ಕೂತಿದ್ದ ಮುದುಕನನ್ನು ಕೇಳಿದಳು. ಗುಡಾಣ ತುಂಬುವುದು ಅವನ ಮನೆಯ ಕೆಲಸ. "ಇಪ್ಪೆ ಹೂ ಎಲ್ಲಿ ಹೋಯ್ತು?"

"ಗುಡ್ಡದಾಚೆ ಮರಗಳು ಹೂ ಬಿಡೋದು ನಿಲ್ಲಿಸಿದ್ದು ನಮ್ಮಜ್ಜನ ಕಾಲದಲ್ಲಿ ತಾಯಿ" ಎಂದ ಮುದುಕ. "ಅಜ್ಜ ಬಂದು ಹೇಳಿದನಂತೆ, ಈ ವರ್ಷ ಹೂವಿಲ್ಲ ಅಂತ. ಹಿರೀಕರು ಕೂತು ಯೋಚನೆ ಮಾಡಿದ್ರಂತೆ. ಏನಾದ್ರೂ ಒಂದು ಕಾಯಿಸಿ ತಾ, ದಿನ ತಪ್ಪೋದು ಬೇಡ ಅಂದ್ರಂತೆ. ವಾಸನೆಗೆ ಇಪ್ಪೆ ಚಕ್ಕೆ ಸುಟ್ಟು ಹಾಕ್ತೀವಿ. ಯಾರೂ ಬೇಡ ಅನ್ನಲಿಲ್ಲ. ಕುಡಿದವರಿಗೆ ಮೊದಲ ಗುಟುಕಿಗೇ ಗೊತ್ತಾಗಿಬಿಡುತ್ತಲ್ಲ ತಾಯಿ, ಅದರಲ್ಲಿ ಬಚ್ಚಿಡೋದೇನಿದೆ."

"ನಮ್ಮ ಮನೆಯವರಿಗೆ ಯಾಕೆ ಹೇಳಲಿಲ್ಲ?"

"ನೀವು ಕುಡಿಯಲ್ಲವಲ್ಲ" ಎಂದ ಅವನು. ಕೇಳಬಾರದ್ದನ್ನು ಕೇಳಿದಳೇನೋ ಎಂಬ ಹಾಗೆ ಅವಳನ್ನೇ ನೋಡಿದ.

ತಮ್ಮ ಬಂದ. ನೆಟ್ಟಗೆ, ದಾಪುಗಾಲು ಹಾಕಿಕೊಂಡು ಬಂದ. ಹತ್ತಿರ ಬಂದು ಅವಳ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟ. "ನಿಂಗೆ ಗೊತ್ತಿದೆ ಅನ್ಕೊಂಡಿದ್ದೆ ಕಣಕ್ಕಾ" ಎಂದ.

"ಹೆಂಗೆ ಗೊತ್ತಿರುತ್ತೋ?"

"ಇಷ್ಟು ವರ್ಷ ನೀನು ಮೇಲಿಂದ ನೋಡ್ತಿದ್ದೆ. ನೋಡಿದವರಿಗೆ ಗೊತ್ತಾಗಲ್ವಾ?"

ಅವಳು ಗೂಟಕ್ಕೆ ಕಟ್ಟಿದ್ದ ದೋಣಿಯ ಕಡೆ ನೋಡಿದಳು. ಹಗ್ಗದ ಕುಣಿಕೆ ನೋಡಿದಳು. "ಆವತ್ತು ನೀನು ದೋಣಿ ಕಟ್ಟಿದೆ" ಎಂದಳು. "ಸುತ್ತಿ, ಕುಣಿಕೆ ಹಾಕಿ, ಎಳೆದು ನೋಡಿದೆ. ನಾನು ಕಂಡೆ."

"ಕಟ್ಟದೆ ಬಿಟ್ಟಿದ್ರೆ ಹರ್ಕೊಂಡು ಹೋಗ್ತಿತ್ತಲ್ಲಕ್ಕಾ" ಎಂದ ತಮ್ಮ. ಅವನು ಸುಳ್ಳು ಹೇಳುವವನಲ್ಲ, ಹೇಳಬೇಕಾದ ಸಂದರ್ಭವೇ ಆ ಊರಲ್ಲಿ ಬಂದಿರಲಿಲ್ಲ.

"ಹಂಗಾದ್ರೆ ಅವರನ್ನ ದೂಡಿದ್ದು?"

"ಅದು ಅಮಲಾಟದ್ದು. ನೀನೇ ಬಿಟ್ಟೆ ಅಂದ್ಯಲ್ಲ."

"ಅಮಲೇ ಇಲ್ಲದ ಮೇಲೆ ಅಮಲಾಟ ಎಲ್ಲಿಂದ ಬಂತು?"

"ನೀನು ಕೂಗಿದೆಯಲ್ಲಕ್ಕಾ" ಎಂದ ಅವನು. ಮೊಂಡಾಟ ಮಾಡುವ ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದ. "ಕುಡಿಯೋದು ಬಿಡೋದು ಯಾರಿಗೆ ಬೇಕಾಗಿದೆ. ನೀನು ಕೂಗಿದ್ರೆ ಸಾಕು."

ಅವಳು ಬಂಡೆಗೆ ಒರಗಿದಳು. ತಾನು ತಿನ್ನಿಸಿದ ಒಂದೊಂದು ತುತ್ತೂ ನೆನಪಾಯಿತು. ಅವನನ್ನು ಹೊಡೆಯಬೇಕೆನಿಸಿತು, ಹೊಡೆಯಲಿಲ್ಲ. ಅವಳ ಮುಖ ನೋಡಿ ತಮ್ಮನಿಗೆ ಮರುಕ ಬಂದಿರಬೇಕು, ಸಮಾಧಾನ ಹೇಳುವಂತೆ ಇನ್ನೊಂದು ಮಾತು ಸೇರಿಸಿದ: "ನಾನೊಬ್ಬನೇ ಅಲ್ಲಕ್ಕಾ. ಭಾವನಿಗೂ ಎಲ್ಲಾ ಗೊತ್ತಿತ್ತು. ಅವರೂ ಕುಡೀತಿದ್ದದ್ದು ಇದನ್ನೇ."

ಅದು ಅವಳಿಗೆ ಹೊಳೆದಿರಲಿಲ್ಲ. ಹೆಗಲ ಮೇಲಿನ ಆ ಭಾರ. ಮುಖ ತೊಳೆಸುವಾಗ ಮುಚ್ಚಿಕೊಂಡಿರುತ್ತಿದ್ದ ಆ ಕಣ್ಣು. ಕಿವಿಯ ಹತ್ತಿರ ಬಂದು, ಎಷ್ಟು ನಿಧಾನವಾಗಿ, ಎಷ್ಟು ಸ್ಪಷ್ಟವಾಗಿ ಹೇಳಿದ್ದ. ಕಟ್ಟಿಕೊಂಡದ್ದು ದೋಣಿಯನ್ನ. ನಗುತ್ತ ಮೊರ ಇಸಿದುಕೊಂಡಿದ್ದಳು. ಯಾರಿಗಾಗಿ ಇಷ್ಟು ವರ್ಷ ಕಣ್ಣೀರು ಹಾಕಿದ್ದಳೋ ಅವನೂ ಈಗ ಈ ನೆಟ್ಟಗೆ ನಿಂತ ಜನರ ಸಾಲಿನಲ್ಲಿ ಹೋಗಿ ನಿಂತುಕೊಂಡ. ಅವನು ಎರಡನೆಯ ಸಲ ಸತ್ತ ಹಾಗಾಯಿತು, ಈ ಸಲ ಅಳುವುದಕ್ಕೂ ಅವಳಿಗೆ ದಾರಿ ಇರಲಿಲ್ಲ.

ಅವಳು ಮತ್ತೆ ಬಂಡೆ ಹತ್ತಿ ಕೂತಳು. ಜನ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿದರು. ತಮಟೆಯವನೊಬ್ಬ ಮೆಲ್ಲಗೆ ಒಂದು ಪೆಟ್ಟು ಹಾಕಿದ. ಒಬ್ಬ ಸುಮ್ಮನೆ ಒಂದು ಸಲ ತೂಗಾಡಿ ನೋಡಿದ, ನಾಚಿಕೆಯಾಗಿ ನಿಂತ. ಯಾರಿಗೂ ಆಟ ಕೂಡಿಬರಲಿಲ್ಲ. ಎಲ್ಲರೂ ಮರಳಲ್ಲಿ ಕೂತು ಹೊತ್ತು ಮುಳುಗುವುದನ್ನೇ ಕಾದರು.

ಹೊತ್ತು ಮುಳುಗಿತು. ಅವಳು ಮಾತನ್ನು ಮರಳಿ ಕರೆಯಲಿಲ್ಲ.

ಮೊದಮೊದಲು ಯಾರಿಗೂ ಗಾಬರಿಯಾಗಲಿಲ್ಲ. ಆಮೇಲೆ ಹಕ್ಕಿಗಳು ಸುಮ್ಮನಾದವು. ಆಚೆ ದಡ ಕಾಣಿಸದಾಯಿತು. ಮಕ್ಕಳು ಹಸಿವೆಂದು ಅತ್ತರೆ ಒಲೆ ಹೊತ್ತಿಸುವಂತಿಲ್ಲ. ಮನೆಗೆ ಹೋಗಿ ಮಲಗೋಣವೆಂದರೆ ಬಾಗಿಲಿಗೆ ಅಗುಳಿ ಹಾಕುವಂತಿಲ್ಲ. ಮಾತು ಇನ್ನೂ ಹೊರಗಿತ್ತು. ಹೊರಗಿರುವ ತನಕ ಯಾರು ಯಾರಿಗೆ ಏನು ಮಾಡಿದರೂ ನಡೆಯುತ್ತಿತ್ತು, ಅದೂ ಕತ್ತಲಲ್ಲಿ. ಅಲ್ಲಿ ಯಾರಿಗೂ ಅಮಲಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅಕ್ಕಪಕ್ಕ ಕೂತಿದ್ದವರು ಮೆಲ್ಲಗೆ ದೂರ ದೂರ ಸರಿದರು. ಬಣವೆ ಕಳೆದುಕೊಂಡವನು ಬಣವೆ ಸುಟ್ಟವನನ್ನು ನೋಡಿದ. ಸುಟ್ಟವನು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡ.

"ಕೈ ಮುಗೀತೀವಿ ತಾಯಿ, ಕರೆದುಬಿಡು" ಎಂದರು.

"ಒಬ್ಬರು ಹೇಳಲಿ" ಎಂದಳು ಅವಳು. "ನಾನು ಮಾಡಿದೆ ಅಂತ ಒಬ್ಬರು ಹೇಳಲಿ. ಯಾವುದಕ್ಕಾದರೂ ಸರಿ, ಒಂದು ಮಡಕೆ ಒಡೆದದ್ದಕ್ಕಾದರೂ ಸರಿ. ಕರೆದುಬಿಡ್ತೀನಿ."

ಯಾರೂ ಹೇಳಲಿಲ್ಲ. ಹೇಳಬಾರದೆಂಬ ಹಟ ಕೆಲವರಿಗಿತ್ತು, ಉಳಿದವರಿಗೆ ಬಾಯಿಗೇ ಬರಲಿಲ್ಲ. ಆ ಎರಡು ಮಾತನ್ನು ಜೋಡಿಸಿ ಆಡಿ ಅಲ್ಲಿ ಯಾರಿಗೂ ರೂಢಿಯಿರಲಿಲ್ಲ. ಅವಳು ತಮ್ಮನನ್ನೇ ನೋಡುತ್ತಿದ್ದಳು. ನಿಜ ಹೇಳಬೇಕೆಂದರೆ ಅವಳಿಗೆ ಬೇಕಾಗಿದ್ದದ್ದು ಅವನೊಬ್ಬನ ಬಾಯಿಂದ. ಅವನು ಹೇಳಿಬಿಟ್ಟರೆ ಅವನನ್ನು ಕ್ಷಮಿಸುವುದಕ್ಕೂ ಅವಳು ತಯಾರಿದ್ದಳು, ಅವನೇ ಮಾಡಿದ್ದನ್ನು, ಅವನಿಗೇ. ಅಷ್ಟಾದರೂ ತನಗೆ ಸಿಗಬಾರದೇ ಎಂದು ಅವಳ ಜೀವ ಹಂಬಲಿಸುತ್ತಿತ್ತು. ತಮ್ಮ ಕಾಲಿನ ಹೆಬ್ಬೆರಳಿಂದ ಮರಳು ಕೆರೆದ. ಆಮೇಲೆ ತಲೆ ಎತ್ತಿ, ಅಕ್ಕನ ಕಡೆಗಲ್ಲ, ಸೊಸೆಯ ಕಡೆ ನೋಡಿದ.

ಮಗಳು ಎದ್ದಳು. ಗುಂಪನ್ನು ದಾಟಿಕೊಂಡು ಬಂಡೆಯ ಕಡೆ ಬಂದಳು. ಅವಳು ಬರುವುದನ್ನು ಕಂಡು ತಾಯಿಯ ಎದೆ ತುಂಬಿತು. ಊರಿಗೂರೇ ಆ ಕಡೆ ನಿಂತರೂ ಹೊಟ್ಟೆಯಲ್ಲಿ ಹುಟ್ಟಿದವಳು ಈ ಕಡೆ ಬಂದಳಲ್ಲ. ಕಟ್ಟಿನ ಪ್ರಕಾರ ಮಗಳೂ ಹುಟ್ಟಿದಾಗಿನಿಂದ ಗುಡಾಣ ಮುಟ್ಟಿದವಳಲ್ಲ, ತನ್ನಂತೆಯೇ ಮೋಸ ಹೋದವಳು. ತಾಯಿ ಬಂಡೆಯ ಮೇಲೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

ಮಗಳು ಕೂರಲಿಲ್ಲ. ಊರಿಗೆ ಮುಖ ಮಾಡಿ ನಿಂತು, ಮಾತನ್ನು ಮರಳಿ ಕರೆದಳು.

ತಾಯಿಯ ದನಿಯೇ ಅದು. ಎಲ್ಲಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ಉಸಿರು ಹಿಡಿಯಬೇಕೋ ಅಲ್ಲಿ ಹಿಡಿಯಿತು. ಕತ್ತಲಲ್ಲಿ ಕೇಳಿದವರಿಗೆ ಯಾರ ದನಿ ಎಂದು ಗೊತ್ತಾಗುವಂತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಅವರಿಗಿರಲಿಲ್ಲ. ಮಗಳು ಇಳಿದು ಹೋಗಿ ಬೊಗಸೆ ನೀರು ಕುಡಿದಳು. ಜನ ಎದ್ದರು. ಸ್ವಲ್ಪ ಹೊತ್ತಿಗೆ ಊರಲ್ಲಿ ಒಂದೊಂದೇ ದೀಪ ಹೊತ್ತಿತು. ಒಂದೊಂದೇ ಮನೆಯ ಅಗುಳಿ ಬಿದ್ದ ಸದ್ದು ಹೊಳೆಯ ತನಕ ಕೇಳಿಸಿತು. ಕೂಗುವವಳು ಬಂಡೆಯ ಮೇಲೆ ಕೂತೇ ಇದ್ದಳು, ಅವಳನ್ನು ಯಾರೂ ಕರೆಯಲಿಲ್ಲ.

ಬೆಳಗಾಯಿತು. ಬೀದಿಯಲ್ಲಿ ಈ ಸಲ ಒಂದೇ ಮೊರ ಬಂತು. ಮಗಳು ಅದನ್ನು ಹೊತ್ತು ತವರಿನ ಹೊಸ್ತಿಲಾಚೆ ನಿಂತಳು. ಕಣ್ಣು ಊದಿತ್ತು, ರಾತ್ರಿ ಅತ್ತಿರಬೇಕು. ಜನ ದೂರದಲ್ಲಿ ನಿಂತು ನೋಡುತ್ತಿದ್ದರು, ಅವರ ಮುಂದೆ ತಮ್ಮನೂ ಇದ್ದ.

"ಅಮಲಾಟ ಮಾಡಿತವ್ವಾ" ಎಂದಳು.

ತಾಯಿ ಮೊರಕ್ಕೆ ಕೈ ಚಾಚಲಿಲ್ಲ. "ನಿಂಗೆ ಯಾವಾಗಿಂದ ಗೊತ್ತು?" ಎಂದಳು.

ಮಗಳು ಮೊರವನ್ನು ಸೊಂಟಕ್ಕೆ ಆನಿಸಿಕೊಂಡಳು. ಆಮೇಲೆ ಹೇಳಿದಳು: "ಚಿಕ್ಕೋಳಿದ್ದಾಗಿಂದ. ಅಪ್ಪನೇ ಒಂದು ಬಟ್ಟಲು ತಂದುಕೊಟ್ಟಿತ್ತು. ನಿಮ್ಮವ್ವನಿಗೆ ಹೇಳಬೇಡ, ಪಾಪ, ನಂಬಿಕೊಂಡಿದಾಳೆ ಅಂತು. ನಾವಿಬ್ಬರೂ ನಕ್ಕೆವು. ಆಗ ಅದು ತಮಾಷೆಯಾಗಿತ್ತವ್ವಾ."

"ಅಪ್ಪ ಸತ್ತ ಬೆಳಿಗ್ಗೆ ನೀನು ನನ್ನ ಬೆನ್ನಿಗೆ ಕೈಯಿಟ್ಟೆ."

"ಹೂಂ."

"ಬಿಟ್ಟೆ ಅನ್ನು ಅಂದೆ. ಗೊತ್ತಿದ್ದೂ ಅಂದೆ."

"ನೀನು ಬಿಡಲ್ಲ ಅಂದಿದ್ರೆ ಊರೆಲ್ಲ ಆ ಕಡೆ, ನಾವಿಬ್ಬರೇ ಈ ಕಡೆ ಆಗ್ತಿದ್ವಿ" ಎಂದಳು ಮಗಳು. "ಕಾಳು ಯಾರು ಕೊಡ್ತಿದ್ರು? ನನ್ನನ್ನ ಯಾರು ಮದುವೆ ಆಗ್ತಿದ್ರು? ನಂಗೆ ಹೆದರಿಕೆ ಆಯ್ತವ್ವಾ. ನಿನ್ನೆ ರಾತ್ರೀನೂ ಅಷ್ಟೇ. ನನ್ನ ಮಕ್ಕಳು ಕತ್ತಲಲ್ಲಿ ಕೂತಿದ್ವು. ಮೊರ ಇಸ್ಕೊ. ಕೈ ನೋಯ್ತಿದೆ."

ತಾಯಿ ಅವಳ ಮುಖ ನೋಡಿದಳು. ಮುದ್ದು ಮುಖವೇ. ಹೆದರಿಕೊಂಡಿದ್ದ ಮುಖ. ಒಂದು ಮಾತು ಹೇಳಿ, ಆ ಮೊರ ಇಸಿದುಕೊಂಡುಬಿಟ್ಟರೆ ಮಗಳು ಉಳಿಯುತ್ತಿದ್ದಳು, ಮೊಮ್ಮಕ್ಕಳು ಉಳಿಯುತ್ತಿದ್ದರು, ಹಬ್ಬಕ್ಕೆ ಕರೆಯುವ ತಮ್ಮನೂ ಉಳಿಯುತ್ತಿದ್ದ. ಸತ್ತವನೂ ನೆನಪಲ್ಲಿ ಮೊದಲಿನ ಹಾಗೆ ಹೆಗಲಿಗೆ ಒರಗಿಕೊಂಡು ಮನೆಗೆ ಬರುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದುಕೊಂಡೇ ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ವರ್ಷ ವರ್ಷವೂ ಕೂಗಿದ್ದು ನಾನು" ಎಂದಳು, ಬೀದಿಗೂ ಕೇಳಿಸುವ ಹಾಗೆ. "ಕಣ್ಣಲ್ಲಿ ಕಂಡದ್ದನ್ನ ಕಾಣಲಿಲ್ಲ ಅನ್ಕೊಂಡಿದ್ದು ನಾನು. ಬಿಟ್ಟೆ ಅಂದಿದ್ದೂ ನಾನೇ." ಆಮೇಲೆ ದನಿ ತಗ್ಗಿಸಿ, ಮಗಳಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು: "ನಿನ್ನೆ ಮಾತನ್ನ ಮರಳಿ ಕರೆದದ್ದು ಅಮಲಾಟ ಅಲ್ಲ ಮಗಳೇ. ನೀನು."

ಮಗಳು ಮೊರ ಹೊತ್ತುಕೊಂಡು ಹೊಸ್ತಿಲಾಚೆ ನಿಂತೇ ಇದ್ದಳು. ಆ ಮಾತಿಗೆ ಏನು ಉತ್ತರ ಕೊಡಬೇಕೆಂದು ಊರಲ್ಲಿ ಯಾರೂ ಅವಳಿಗೆ ಕಲಿಸಿರಲಿಲ್ಲ.